ಅಂಪೈರ್ ಅಂದ್ರೆ ದಿನಗೂಲಿನಾ?

ದಿನಕ್ಕೆ 40 ಸಾವಿರ ರೂಪಾಯಿ. 2022ರಲ್ಲಿ ದೇಶಿ ಕ್ರಿಕೆಟ್‌ನ ಎ+ ಮತ್ತು ಎ ದರ್ಜೆಯ ಅಂಪೈರ್‌ಗಳಿಗೆ ಬಿಸಿಸಿಐ ಕೊಡ್ತಿದ್ದ ಫೀ ಇದು. ಬಿ, ಸಿ ದರ್ಜೆಗೆ 30 ಸಾವಿರ. ನಾಲ್ಕು ದಿನದ ಒಂದು ರಣಜಿ ಪಂದ್ಯಕ್ಕೆ 1.6 ಲಕ್ಷ. ‘ಇನ್ನೇನ್ ಬೇಕು ಗುರು?’ ಅಂತ ಕೇಳೋರು ಇದ್ದಾರೆ.

ಬೇಕಿರೋದು ಖಾತ್ರಿ. ಇದು ತಿಂಗಳ ಸಂಬಳವಲ್ಲ, ದಿನದ ಲೆಕ್ಕ. ವರ್ಷಕ್ಕೆ ಎಷ್ಟು ದಿನ ಸಿಗುತ್ತೆ ಅನ್ನೋದು ಅಂಪೈರ್ ಕೈಯಲ್ಲಿಲ್ಲ. ಕೋವಿಡ್‌ನಿಂದಾಗಿ 2020-21ರಲ್ಲಿ ರಣಜಿ ಟ್ರೋಫಿಯೇ ನಡೆಯಲಿಲ್ಲ. ದಿನದ ಲೆಕ್ಕದಲ್ಲಿ ದುಡಿಯೋದು ಅಂದ್ರೆ ಏನು ಅಂತ ಅಂಥ ವರ್ಷದಲ್ಲಿ ಅರ್ಥವಾಗುತ್ತೆ.

ಇನ್ನು ಆ ಮೆಟ್ಟಿಲು ಹತ್ತೋದು? 2022ರಲ್ಲಿ ಮಹಿಳಾ ಮತ್ತು ಕಿರಿಯರ ಪಂದ್ಯಗಳಿಗೆ ಅಂಪೈರ್ ಆಗಲು ಅಹಮದಾಬಾದ್‌ನಲ್ಲಿ ಪರೀಕ್ಷೆ ಬರೆದವರು ಸುಮಾರು 140 ಜನ, ಪಾಸಾದವರು 3. ಪರೀಕ್ಷೆ ಕಠಿಣವಾಗಿರಲಿ, ತಕರಾರಿಲ್ಲ. ಆದರೆ ಅಲ್ಲಿವರೆಗಿನ ವರ್ಷಗಳನ್ನು ಯಾರು ಸಾಕ್ತಾರೆ? ನಮ್ಮ ಬೇಗೂರಿನ 26ರ ಹುಡುಗನೊಬ್ಬ ಲೀಗ್ ಅಂಪೈರ್ ಆಗ್ತೀನಿ ಅಂದ ಅಂತಿಟ್ಕೊಳ್ಳಿ. ಬೆಳಗಾಗೋ ಮುಂಚೆ ಎದ್ದು, ಊರಿನ ಆ ತುದಿಯ ಆಲೂರು ಮೈದಾನ ಸೇರಬೇಕು. ದಿನವಿಡೀ ಬಿಸಿಲಲ್ಲಿ ನಿಂತು ಎರಡೂ ಕಡೆಯಿಂದ ಬೈಸಿಕೊಳ್ಳಬೇಕು. ಇದಕ್ಕೆ ಆಫೀಸ್ ರಜೆ ಎಷ್ಟು ಅಂತ ಹಾಕ್ತಾನೆ? ಮನೆಯಲ್ಲಿ ಅನುಕೂಲ ಇದ್ದವನು ಉಳೀತಾನೆ, ಬಾಡಿಗೆ ಕಟ್ಟೋನು ಬಿಡ್ತಾನೆ. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಟ್ಯಾಂಕ್ ತುಂಬಿಸ್ತಿದ್ದೀವಿ, ಪೈಪ್ ಸೋರ್ತಿದೆ.

2023ರಲ್ಲಿ ರಣಜಿಯಲ್ಲಿ ನಿಂತ ಮೊದಲ ಮಹಿಳಾ ಅಂಪೈರ್‌ಗಳಲ್ಲಿ ಒಬ್ಬರಾದ ಜನನಿ ನಾರಾಯಣನ್ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದವರು. ಸ್ಫೂರ್ತಿಯ ಕತೆ, ನಿಜ. ಆದರೆ ಎಲ್ಲರಿಂದಲೂ ಅಂಥ ಧೈರ್ಯ ಬೇಡೋದು ವ್ಯವಸ್ಥೆ ಅನ್ನಿಸಿಕೊಳ್ಳಲ್ಲ.

2006ರಲ್ಲಿ ಅಮೆರಿಕದ ಮೈನರ್ ಲೀಗ್ ಬೇಸ್‌ಬಾಲ್ ಅಂಪೈರ್‌ಗಳು ಸಂಬಳಕ್ಕಾಗಿ ಮುಷ್ಕರ ಹೂಡಿದರು. ಅವರಿಗೆ ಒಂದು ಸಂಘವಿತ್ತು, ಒಟ್ಟಾಗಿ ಚೌಕಾಸಿ ಮಾಡಿದರು. ನಮ್ಮಲ್ಲಿ ಮುಂದಿನ ಪಂದ್ಯ ಕೊಡುವವರ ಮುಂದೆಯೇ ಒಬ್ಬೊಬ್ಬರಾಗಿ ಬಾಯಿ ಬಿಡಬೇಕು.

ದುಡ್ಡಿಲ್ಲ ಅನ್ನೋ ಹಾಗಿಲ್ಲ. 2023-27ರ ಐಪಿಎಲ್ ಪ್ರಸಾರ ಹಕ್ಕು ಮಾರಾಟವಾಗಿದ್ದು 48,390 ಕೋಟಿಗೆ. 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ ಹತ್ತು ವಿಕೆಟ್ ಪಡೆದಾಗ ಬೆರಳೆತ್ತಿದ್ದು ಕರ್ನಾಟಕದವರೇ ಆದ ಎ.ವಿ. ಜಯಪ್ರಕಾಶ್. ಅಂಥ ಇನ್ನೊಬ್ಬರು ಬರಬೇಕಾದ್ರೆ ಕೆಎಸ್‌ಸಿಎ ಎರಡು ಕೆಲಸ ಮಾಡಲಿ: ಹೊಸಬರಿಗೆ ಮೂರು ವರ್ಷದ ಮಾಸಿಕ ಗೌರವಧನ ಕೊಡಲಿ, ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು ಅನ್ನೋ ಲೆಕ್ಕವನ್ನ ಪ್ರತಿ ವರ್ಷ ಪ್ರಕಟಿಸಲಿ.