ಅಪ್ಪನ ಕೈಗೆ ಒಂದು ಜೂಮ್ ಲೆನ್ಸ್

"ಇದೇನವ್ವ ಇದು, ಒನಕೆ ತಂದ್ಬುಟ್ಟಿದ್ದೀಯಲ್ಲ?"

ರಂಗನತಿಟ್ಟಿನ ದೋಣಿಯಲ್ಲಿ ಅಪ್ಪ ಹೀಗೆ ಕೇಳಿದಾಗ ಪಕ್ಕದಲ್ಲಿ ಕೂತಿದ್ದವರೆಲ್ಲ ನಕ್ಕರು. ನನ್ನ ಕೈಯಲ್ಲಿದ್ದದ್ದು ವೀಕೆಂಡಿಗೆ ಬಾಡಿಗೆ ತಂದಿದ್ದ ಸಿಗ್ಮಾ 150-600 ಎಂಎಂ ಲೆನ್ಸ್. ಲೆನ್ಸ್ ಒಂದೇ 1930 ಗ್ರಾಂ. ಒಮ್ಮೆ ಬಳಸಿ ನೋಡೋಣ, ಇಷ್ಟವಾದರೆ ಇಎಂಐ ಹಾಕಿಸೋಣ ಅನ್ನೋದು ನನ್ನ ಲೆಕ್ಕ.

ಬಂಡೆ ಮೇಲೆ ಮಲಗಿದ್ದ ಮೊಸಳೆಯ ಹಲ್ಲು ಎಣಿಸುವಷ್ಟು ಚೆನ್ನಾಗಿ ಫೋಟೋ ಬಂತು, ಸುಳ್ಳು ಹೇಳಲ್ಲ. ಆದರೆ ಆ ಮೊಸಳೆ ನೋಡಿ ನನ್ನ ಮಗಳು ಬಾಯಿ ಬಿಟ್ಕೊಂಡು ತಾತನ ತೋಳು ಹಿಡ್ಕೊಂಡಳು. ಅದನ್ನು ತೆಗೆಯೋಣ ಅಂತ ಕ್ಯಾಮೆರಾ ತಿರುಗಿಸಿದರೆ ಫೋಕಸ್ಸೇ ಆಗಲಿಲ್ಲ. ಆ ಲೆನ್ಸಿಗೆ ಕನಿಷ್ಠ 2.8 ಮೀಟರ್ ದೂರ ಬೇಕು. ಅವಳಿದ್ದದ್ದು ನಾಲ್ಕಡಿ ದೂರದಲ್ಲಿ.

ಆಮೇಲೆ ಅಪ್ಪ "ಕೊಡು ಇಲ್ಲಿ, ನಾನೊಂದ್ಸಲ ನೋಡ್ತೀನಿ" ಅಂತ ಇಸ್ಕೊಂಡರು. ಎರಡು ವರ್ಷದಿಂದ ಅವರ ಬಲಗೈ ಸ್ವಲ್ಪ ನಡುಗುತ್ತೆ. ಎತ್ತಿ ಕಣ್ಣಿಗಿಟ್ಟು ಅರ್ಧ ನಿಮಿಷವೂ ಆಗಿರಲಿಲ್ಲ, ವಾಪಸ್ ಕೊಟ್ಟರು. "ನಮ್ ಕೈಲಾಗಲ್ಲ ಬುಡು." ನಮ್ಮ ಬಾಲ್ಯದ ಫೋಟೋಗಳನ್ನೆಲ್ಲ ಯಾಶಿಕಾದಲ್ಲಿ ತೆಗೆದವರು ಅವರು. ಆ ಮಾತು ಬೆಂಗಳೂರಿಗೆ ಬರೋವರೆಗೂ ಕಿವಿಯಲ್ಲೇ ಇತ್ತು.

ಮೊದಲು ಪಟ್ಟಿ, ಆಮೇಲೆ ಅಂಗಡಿ

ಆಫೀಸಿನಲ್ಲಿ ಕೋಡ್ ಬರೆಯೋ ಮೊದಲು ರಿಕ್ವೈರ್‌ಮೆಂಟ್ ಬರೀತೀವಿ. ಸ್ವಂತ ದುಡ್ಡು ಖರ್ಚು ಮಾಡುವಾಗ ಮಾತ್ರ ಅದು ನೆನಪಾಗಲ್ಲ. ಈ ಸಲ ಬರೆದೆ. ಒಂದು, ಅಪ್ಪ ಹತ್ತು ನಿಮಿಷ ಹಿಡಿಯುವಂತಿರಬೇಕು. ಎರಡು, ಕೈ ನಡುಗಿದರೂ ಫೋಟೋ ಅಲುಗಬಾರದು. ಮೂರು, ಹತ್ತಿರದ ಮಗಳು, ದೂರದ ಹಕ್ಕಿ ಎರಡಕ್ಕೂ ಅದೇ ಲೆನ್ಸ್ ಆಗಬೇಕು. ನಾಲ್ಕು, 20 ಸಾವಿರ ದಾಟಬಾರದು.

ಹುಲಿ ಈ ಪಟ್ಟಿಯಲ್ಲಿಲ್ಲ. ವರ್ಷಕ್ಕೊಂದು ಸಫಾರಿಗೆ ಹೋದರೆ ಹೆಚ್ಚು. ಆ ಎರಡು ದಿನಕ್ಕೆ ದೊಡ್ಡ ಲೆನ್ಸ್ ಬಾಡಿಗೆಗೆ ಸಿಗುತ್ತೆ. ಮಿಕ್ಕ 363 ದಿನಕ್ಕೆ ಬೇಕಾದದ್ದನ್ನು ಕೊಳ್ಳಬೇಕು.

ನನ್ನ ಕ್ಯಾಮೆರಾ ಕ್ಯಾನನ್ 1500ಡಿ. ಕೊನೆಗೆ ಎರಡು ಲೆನ್ಸ್ ಉಳಿದವು: ಇಎಫ್ 75-300 III ಮತ್ತು ಇಎಫ್-ಎಸ್ 55-250 ಐಎಸ್ ಎಸ್‌ಟಿಎಂ. ನಂಬರ್ ನೋಡಿದರೆ 300 ದೊಡ್ಡದು. ಆದರೆ 250ರಿಂದ 300ಕ್ಕೆ ಹೋದರೆ ಫೋಟೋದಲ್ಲಿ ಹಕ್ಕಿ ದೊಡ್ಡದಾಗೋದು ಐದನೇ ಒಂದು ಭಾಗ ಅಷ್ಟೇ. ಅದಕ್ಕಾಗಿ ಬಿಟ್ಟುಕೊಡಬೇಕಾದದ್ದು ಜಾಸ್ತಿ. 75-300 IIIರಲ್ಲಿ ಇಮೇಜ್ ಸ್ಟೆಬಿಲೈಸೇಷನ್ ಇಲ್ಲ, ಫೋಕಸ್ ಆಗೋಕೆ 1.5 ಮೀಟರ್ ಬೇಕು, ತೂಕ 480 ಗ್ರಾಂ. 55-250ರಲ್ಲಿ ಸ್ಟೆಬಿಲೈಸೇಷನ್ ಇದೆ, 85 ಸೆಂಟಿಮೀಟರಿಗೇ ಫೋಕಸ್ ಆಗುತ್ತೆ, ತೂಕ 375 ಗ್ರಾಂ. ಪಟ್ಟಿ ಎದುರಿಗಿತ್ತು, ಯೋಚನೆ ಮಾಡೋಕೇನೂ ಉಳಿಯಲಿಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡೆ. ಬಜೆಟ್ಟಿನಲ್ಲಿ ದುಡ್ಡೂ ಮಿಕ್ಕಿತು.

ಇನ್ನೊಂದು ಸಮಾಧಾನ: 1500ಡಿ ಥರದ ಕ್ಯಾಮೆರಾಗಳ ಸೆನ್ಸರ್ ಚಿಕ್ಕದಾದ್ದರಿಂದ 250 ಎಂಎಂ ಲೆನ್ಸ್, ಫುಲ್ ಫ್ರೇಮ್ ಕ್ಯಾಮೆರಾದ 400 ಎಂಎಂನಷ್ಟು ನೋಟ ಕೊಡುತ್ತೆ. ಊರಿನ ಹಕ್ಕಿಗಳಿಗೆ ಇದು ಸಾಕು.

ನಿಮ್ಮದು ಬೇರೆ ಕ್ಯಾಮೆರಾ ಆಗಿದ್ದರೆ

ನಿಕಾನ್ ಡಿಎಸ್ಎಲ್ಆರ್ ಇರೋರು ಎಎಫ್-ಪಿ ಡಿಎಕ್ಸ್ 70-300 ನೋಡಬಹುದು, 415 ಗ್ರಾಂ. ಹೆಸರಲ್ಲಿ 'ವಿಆರ್' ಇದೆಯಾ ಅಂತ ಓದಿಯೇ ದುಡ್ಡು ಕೊಡಿ; ಅದಿಲ್ಲದ ಅವಳಿಯೂ ಮಾರುಕಟ್ಟೆಯಲ್ಲಿದೆ. ಡಿ90, ಡಿ3000ದಂಥ ಹಳೆಯ ಕ್ಯಾಮೆರಾಗಳಲ್ಲಿ ಎಎಫ್-ಪಿ ಲೆನ್ಸ್ ಫೋಕಸ್ಸೇ ಆಗಲ್ಲ, ಅದನ್ನೂ ನೋಡ್ಕೊಳ್ಳಿ. ಸೋನಿಯ ಎಪಿಎಸ್-ಸಿ ಕ್ಯಾಮೆರಾಗಳಿಗೆ 55-210, ಕ್ಯಾನನ್ ಆರ್50ಯಂಥ ಮಿರರ್‌ಲೆಸ್‌ಗೆ ಆರ್‌ಎಫ್-ಎಸ್ 55-210 ಇವೆ. ಎರಡೂ ಹಗುರ, ಎರಡರಲ್ಲೂ ಸ್ಟೆಬಿಲೈಸೇಷನ್ ಇದೆ.

ಸ್ಟೆಬಿಲೈಸೇಷನ್ ಏನು ಮಾಡುತ್ತೆ, ಏನು ಮಾಡಲ್ಲ

ಕೈ ಒಂದು ಕಡೆ ಅಲುಗಿದರೆ ಲೆನ್ಸಿನೊಳಗಿನ ಗಾಜುಗಳಲ್ಲಿ ಕೆಲವು ಅದಕ್ಕೆ ತಕ್ಕಂತೆ ಸರಿದು ಚಿತ್ರವನ್ನು ಇದ್ದಲ್ಲೇ ನಿಲ್ಲಿಸುತ್ತವೆ. ಇದು ಕೈಯ ನಡುಕಕ್ಕೆ ಮದ್ದು, ಮಗುವಿನ ಓಟಕ್ಕಲ್ಲ. ಓಡೋ ಮಗುವಿಗೆ ಶಟರ್ ಸ್ಪೀಡ್ 1/500, ಹಾರೋ ಹಕ್ಕಿಗೆ 1/1000 ಅಥವಾ ಅದಕ್ಕಿಂತ ವೇಗ ಇರಲಿ. ಅಪ್ಪನಿಗೆ ನಾನು ಟಿವಿ ಮೋಡ್, 1/800, ಐಎಸ್ಒ ಆಟೋ, ಒತ್ತಿ ಹಿಡಿದರೆ ಸಾಲಾಗಿ ಫೋಟೋ ಬರುವ ಬರ್ಸ್ಟ್ ಹಾಕಿಕೊಟ್ಟಿದ್ದೇನೆ. ಐಎಸ್ಒ ಏರಿ ಫೋಟೋ ಕಾಳುಕಾಳಾಗಿ ಬಂದರೂ ಇಟ್ಕೊಬಹುದು. ಅಲುಗಿದ್ದನ್ನು ಡಿಲೀಟ್ ಮಾಡಲೇಬೇಕು.

ಈ ಲೆನ್ಸಿನ ಕೈಲಾಗದ ಕೆಲಸವನ್ನೂ ಹೇಳಿಬಿಡ್ತೀನಿ. ಪೂರ್ತಿ ಜೂಮ್ ಮಾಡಿದಾಗ ಇದರ ಅಪರ್ಚರ್ ಎಫ್/5.6. ಮಗಳ ಸ್ಕೂಲ್ ಡೇಯಲ್ಲಿ, ಮಂದ ಬೆಳಕಿನ ಹಾಲ್‌ನಲ್ಲಿ ತೆಗೆದ ಒಂದು ಡ್ಯಾನ್ಸ್ ಫೋಟೋವೂ ನೆಟ್ಟಗೆ ಬರಲಿಲ್ಲ. ಅಂಥ ಕಡೆಗೆ 50 ಎಂಎಂ ಎಫ್/1.8 ಬೇಕು, ಅದು ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತೆ. ಜೂಮ್ ಇಲ್ಲ, ಮುಂದಿನ ಸಾಲಿಗೆ ಹೋಗಿ ಕೂರಬೇಕು ಅಷ್ಟೇ. ಕಾಡಿನಲ್ಲೂ ಅಷ್ಟೆ: ಸೂರ್ಯ ಇಳಿದ ಮೇಲೆ ಕ್ಯಾಮೆರಾ ಪಕ್ಕಕ್ಕಿಟ್ಟು ಕಣ್ಣಲ್ಲಿ ನೋಡೋದು ಒಳ್ಳೇದು.

ಹಳೆಯದು ಕೊಳ್ಳುವಾಗ

ಮೊಬೈಲ್ ಟಾರ್ಚನ್ನು ಲೆನ್ಸಿನ ಒಂದು ತುದಿಯಿಂದ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಒಳಗೆ ಜೇಡರ ಬಲೆಯ ಥರ ಎಳೆಗಳಿದ್ದರೆ ಅದು ಫಂಗಸ್, ಎಷ್ಟೇ ಅಗ್ಗವಾದರೂ ಬೇಡ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ನಿಮ್ಮ ಕ್ಯಾಮೆರಾವನ್ನೇ ಒಯ್ದು 55ರಲ್ಲೂ 250ರಲ್ಲೂ ಫೋಕಸ್ ಆಗುತ್ತಾ ನೋಡಿ. ಐಎಸ್ ಸ್ವಿಚ್ ಆನ್ ಮಾಡಿ, ಆಫ್ ಮಾಡಿ, ಕಡಿಮೆ ಶಟರ್ ಸ್ಪೀಡಿನಲ್ಲಿ ಒಂದೊಂದು ಫೋಟೋ ತೆಗೆದರೆ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತೆ. ಮನೆಗೆ ತಂದ ಮೇಲೆ ಬೀರುವಿನ ಬಟ್ಟೆ ನಡುವೆ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಮಲೆನಾಡು, ಕರಾವಳಿ ಕಡೆಯವರಿಗಂತೂ ಇದು ಬೇಕೇ ಬೇಕು.

ಕೊಕ್ಕರೆ ಬೆಳ್ಳೂರಲ್ಲಿ

ಫೆಬ್ರುವರಿಯ ಒಂದು ಭಾನುವಾರ ಬೆಳಗ್ಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಹೊಸ ಲೆನ್ಸ್ ಕೈಯಲ್ಲಿದ್ದವರು ಮೊದಲು ಹೋಗಬೇಕಾದ ಜಾಗ ಅದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರಿನವರೇ ಕಾಯ್ತಾರೆ. ಹಕ್ಕಿ ಇಷ್ಟು ಹತ್ತಿರ ಇರುವಾಗ 600 ಎಂಎಂ ಯಾಕೆ? ಗೂಡಿನ ಕೆಳಗೆ ಗಲಾಟೆ ಮಾಡದೆ, ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸದೆ ಇದ್ದರೆ ಸಾಕು.

ಅಪ್ಪ ಒಂದು ಗೋಡೆಗೆ ಒರಗಿ, ಎರಡೂ ಮೊಣಕೈ ಎದೆಗೊತ್ತಿ ನಿಂತರು. ಕೈ ನಡುಗೋದು ನಿಂತಿರಲಿಲ್ಲ. ಆದರೂ ಕ್ಯಾಮೆರಾ ವಾಪಸ್ ಕೊಡಲಿಲ್ಲ. ಅರ್ಧ ಗಂಟೆ ಕೊಡಲಿಲ್ಲ. ನಡುವೆ ಮಗಳು ಹತ್ತಿರ ಬಂದಾಗ 55ಕ್ಕೆ ತಿರುಗಿಸಿ ಅವಳದ್ದೂ ತೆಗೆದರು, ಮೂಗಿನ ಮೇಲಿನ ಧೂಳೂ ಕಾಣುತ್ತೆ.

ಮನೆಗೆ ಬಂದು ನೋಡಿದರೆ ಬರ್ಸ್ಟ್ ದಯದಿಂದ ಇನ್ನೂರಕ್ಕೂ ಹೆಚ್ಚು ಫೋಟೋ. ಮುಕ್ಕಾಲು ಪಾಲು ಅಳಿಸಿದೆ. ಉಳಿದವುಗಳಲ್ಲಿ ಒಂದರಲ್ಲಿ ಹೆಜ್ಜಾರ್ಲೆ ಹುಣಸೆಮರಕ್ಕೆ ಇಳೀತಿದೆ, ಕಣ್ಣು ಸ್ಪಷ್ಟ, ಒಂದು ರೆಕ್ಕೆಯ ತುದಿ ಮಾತ್ರ ಫ್ರೇಮಿನಾಚೆ ಹೋಗಿದೆ. ಅಪ್ಪ ಅದನ್ನೇ ಮೊಬೈಲ್ ವಾಲ್‌ಪೇಪರ್ ಮಾಡಿಸಿಕೊಂಡರು.

"ರೆಕ್ಕೆ ಕಟ್ಟಾಗಿದೆಯಲ್ಲಪ್ಪ," ಅಂದೆ.

"ಆಗ್ಲಿ ಬುಡವ್ವ. ಇನ್ನೊಂದ್ಸಲ ಹೋಗಿ ಪೂರ್ತಿ ತೆಗಿಯಾನ."