ನೆಲಮಾಳಿಗೆಗೆ ಕರೆಂಟು ಪಂಪೊಂದೇ ಸಾಲದು

2019ರ ಆಶ್ಲೇಷಾ ಮಳೆಯಲ್ಲಿ ನಮ್ಮ ಗೋದಾಮಿನ ನೆಲಮಾಳಿಗೆಗೆ ನೀರು ನುಗ್ಗಿದಾಗ ಪಂಪು ಇತ್ತು, ಕರೆಂಟು ಇರಲಿಲ್ಲ. ಅಡಿಸಾಲಿನ ಅಡಿಕೆ ಚೀಲಗಳಿಗೆ ಬೂಷ್ಟು ಹಿಡಿಯಿತು. ಸದಸ್ಯ ಬಾಂಧವರೆದುರು ನಾವು ತಲೆತಗ್ಗಿಸಬೇಕಾಯಿತು.

ಈಗ ಪ್ರತಿವರ್ಷ ರೋಹಿಣಿ ಮಳೆಗೆ ಮೊದಲೇ ಪಂಪಿನ ಗುಂಡಿಯ ಹೂಳೆತ್ತಿಸಿ, ನಾಲ್ಕು ಕೊಡ ನೀರು ಹೊಯ್ದು ನೋಡುತ್ತೇವೆ. ನೀರಿನೊಡನೆ ಮೇಲೇಳಬೇಕಾದ ಬುರುಡೆ ಗೋಣಿನಾರಿಗೆ ಸಿಕ್ಕಿಕೊಂಡರೆ ಪಂಪು ಚಾಲೂ ಆಗುವುದೇ ಇಲ್ಲ. ಎತ್ತಿದ ನೀರನ್ನು ಗೋಡೆಯ ಬುಡಕ್ಕೇ ಬಿಟ್ಟರೆ ಅದೇ ನೀರು ಮತ್ತೆ ಒಳಗೆ ಜಿನುಗುತ್ತದೆ. (ಎರಡು ವರ್ಷ ನಾವು ಮಾಡಿದ್ದೂ ಅದನ್ನೇ!)

ಕರೆಂಟು ಹೋದರೆ? ಹೊಸ ಡೀಸೆಲ್ ಪಂಪು ದುಂದುವೆಚ್ಚವೆನ್ನುವವರ ಮಾತನ್ನು ಒಪ್ಪೋಣ. ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹಾರಿಸಿದ ಪಂಪುಗಳು ಮಳೆಗಾಲವಿಡೀ ಶೆಡ್ಡಿನಲ್ಲಿ ಕೂತಿರುತ್ತವಲ್ಲ! ಸರದಿಯಂತೆ ಒಂದೊಂದನ್ನು ಗೋದಾಮಿಗೆ ಕೊಡಿ. ಇಂಜಿನ್ನು ಮಾತ್ರ ಹೊರಗೇ ಇರಬೇಕು. ನೆಲಮಾಳಿಗೆಯೊಳಗೆ ಅದರ ಹೊಗೆ ಪ್ರಾಣಕ್ಕೇ ಕುತ್ತು. ಕೊಡಲೊಪ್ಪುವ ಸದಸ್ಯರು ಮೇ ತಿಂಗಳೊಳಗೆ ಕಚೇರಿಗೆ ತಿಳಿಸಬೇಕಾಗಿ ವಿನಂತಿ.