ಬಾಳೆ ನಾರಿನ ಬಲಕ್ಕೆ ಯಾವ ಅಳತೆಗೋಲು?

ಹೊಸಪೇಟೆ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್‌ನ ಸರಪಳಿ ತುಂಡಾಗಿ ಗೇಟ್ ನದಿಯ ಪಾಲಾದದ್ದನ್ನು ಈ ಭಾಗದ ರೈತರು ಮರೆತಿಲ್ಲ. ತಾತ್ಕಾಲಿಕ ಗೇಟ್ ಅಳವಡಿಸಿ ನೀರು ತಡೆಯುವ ಹೊತ್ತಿಗೆ ಸುಮಾರು ಒಂದು ವಾರ ಕಳೆದಿತ್ತು. ಉಳಿದೆಲ್ಲ ಕೊಂಡಿಗಳು ಗಟ್ಟಿಯಾಗಿದ್ದರೂ ಒಂದು ಕೊಂಡಿ ಸೋತರೆ ಸಾಕು, ಸರಪಳಿ ಹೋದಂತೆಯೇ.

ಈ ನಿಯಮ ಉಕ್ಕಿಗೆ ಮಾತ್ರ ಸೀಮಿತವಲ್ಲ. ಹಂಪಿಯ ಕಾಲುವೆ ಬದಿಯ ತೋಟಗಳಲ್ಲಿ, ಕಂಪ್ಲಿಯ ಹೊಲಗಳಲ್ಲಿ ಬೆಳೆಯುವ ಬಾಳೆಯ ನಾರಿಗೂ, ಯುದ್ಧವಿಮಾನದ ರೆಕ್ಕೆಯಲ್ಲಿರುವ ಕಾರ್ಬನ್ ನಾರಿಗೂ ಅದು ಅನ್ವಯಿಸುತ್ತದೆ. ಒಂದು ಎಳೆ ನಾರು ಕೂಡ ಕಣ್ಣಿಗೆ ಕಾಣದ ಕೊಂಡಿಗಳ ಸರಪಳಿಯೇ. ಹಾಗಾದರೆ ಅದರ ಬಲವನ್ನು ಅಳೆಯುವುದು ಹೇಗೆ? ಒಬ್ಬರು ಅಳೆದದ್ದನ್ನು ಇನ್ನೊಬ್ಬರು ನಂಬುವುದು ಹೇಗೆ? ಬಾಳೆ ನಾರಿನ ಭವಿಷ್ಯ ಈ ಪ್ರಶ್ನೆಗಳ ಮೇಲೆ ನಿಂತಿದೆ.

ಗೊನೆಯ ನಂತರ ಹೊರೆ

ಗೊನೆ ಕಡಿದ ಮೇಲೆ ಬಾಳೆಯ ದಿಂಡು ರೈತನಿಗೆ ಹೊರೆ. ಅದನ್ನು ಕಡಿದು ಸಾಗಿಸುವ ಖರ್ಚೂ ಅವನದೇ. ನದಿಯಾಚೆಯ ಆನೆಗೊಂದಿಯಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಈ ದಿಂಡಿನ ಪಟ್ಟೆಯಿಂದ ಚೀಲ, ಚಾಪೆ, ಬುಟ್ಟಿ ಹೆಣೆಯುವ ಕೌಶಲವನ್ನು ಗ್ರಾಮದ ಮಹಿಳೆಯರಿಗೆ ಕಲಿಸಿ, ಅದನ್ನೊಂದು ಜೀವನೋಪಾಯವಾಗಿ ರೂಪಿಸಿತು. ಆದರೆ ಪ್ರವಾಸಿಗರು ಕೊಳ್ಳುವ ಚೀಲಕ್ಕೆ ಒಂದು ಮಿತಿಯಿದೆ. ಕಂಪ್ಲಿ, ಹೊಸಪೇಟೆ ಭಾಗದ ದಿಂಡೆಲ್ಲ ಬಳಕೆಯಾಗಬೇಕಾದರೆ ನಾರು ಕೈಗಾರಿಕೆಗೆ ಹೋಗಬೇಕು.

ಇದು ಅಸಾಧ್ಯವೇನಲ್ಲ. ಬಾಳೆಯದೇ ಕುಲಕ್ಕೆ ಸೇರಿದ ಫಿಲಿಪ್ಪೀನ್ಸ್‌ನ ಅಬಾಕಾ ನಾರನ್ನು ಮರ್ಸಿಡಿಸ್ ಕಂಪನಿ 2000ರ ದಶಕದ ಮಧ್ಯಭಾಗದಲ್ಲಿಯೇ ತನ್ನ ಎ-ಕ್ಲಾಸ್ ಕಾರಿನ ತಳಭಾಗದ ಹೊದಿಕೆಯಲ್ಲಿ ಗಾಜಿನ ನಾರಿನ ಬದಲು ಬಳಸಿತು. ಅಲ್ಲಿ ಅಬಾಕಾ ನಾರಿಗೆ ಸರ್ಕಾರಿ ಶ್ರೇಣೀಕರಣವಿದೆ. ಕೊಳ್ಳುವವನಿಗೆ ತಾನು ಏನನ್ನು ಕೊಳ್ಳುತ್ತಿದ್ದೇನೆಂಬುದು ಗೊತ್ತಿರುತ್ತದೆ.

ಒಂದೇ ನಾರು, ಹಲವು ಅಂಕಿ

ನಾರಿನ ಬಲವನ್ನು ಮೆಗಾಪ್ಯಾಸ್ಕಲ್‌ಗಳಲ್ಲಿ ಹೇಳುವುದು ರೂಢಿ. 500 ಮೆಗಾಪ್ಯಾಸ್ಕಲ್ ಎಂದರೆ, ಒಂದು ಚದರ ಮಿಲಿಮೀಟರ್ ಅಡ್ಡಸೀಳಿನ ನಾರು ಸುಮಾರು 50 ಕಿಲೋ ಭಾರ ತಾಳುತ್ತದೆ ಎಂದರ್ಥ. ಬಾಳೆ ನಾರಿನ ಕುರಿತ ಸಂಶೋಧನಾ ವರದಿಗಳನ್ನು ತಿರುವಿದರೆ ಕೆಲವೆಡೆ ಈ ಅಂಕಿ 200ರ ಆಸುಪಾಸಿನಲ್ಲಿದೆ, ಕೆಲವೆಡೆ 700ನ್ನೂ ಮೀರಿದೆ. ಇಷ್ಟು ಅಂತರವಿರುವ ವಸ್ತುವನ್ನು ನಂಬಿ ಯಾವ ಎಂಜಿನಿಯರ್ ವಿನ್ಯಾಸ ಮಾಡಿಯಾನು?

ಅಂತರಕ್ಕೆ ಕಾರಣಗಳಿವೆ. ಮೊದಲನೆಯದು ಉದ್ದ. ಉದ್ದನೆಯ ಎಳೆಯಲ್ಲಿ ದುರ್ಬಲ ಸ್ಥಾನ ಸಿಗುವ ಸಾಧ್ಯತೆ ಹೆಚ್ಚಿರುವುದರಿಂದ ಅದು ಬೇಗ ತುಂಡಾಗುತ್ತದೆ. ಹತ್ತಿ ನೂಲಿನ ಸಂದರ್ಭದಲ್ಲಿ ಎಫ್.ಟಿ. ಪಿಯರ್ಸ್ 1926ರಲ್ಲಿಯೇ ಇದನ್ನು ಗಣಿತದಿಂದ ವಿವರಿಸಿದ್ದರು. ಎರಡನೆಯದು ದಪ್ಪ. ಬಾಳೆ ನಾರು ತಂತಿಯಂತೆ ದುಂಡಗಿಲ್ಲ, ಒಳಗೆ ಟೊಳ್ಳು ಕೋಶಗಳಿವೆ. ವ್ಯಾಸವನ್ನು ಶೇ 10ರಷ್ಟು ಕಡಿಮೆ ಅಳೆದರೆ ಸಾಕು, ಬಲ ಶೇ 23ರಷ್ಟು ಹೆಚ್ಚಾಗಿ ಕಾಣುತ್ತದೆ. ಮೂರನೆಯದು ತೇವ. ಭಾರತದ ಜವಳಿ ಪರೀಕ್ಷೆಗಳಿಗೆ 27 ಡಿಗ್ರಿ ಉಷ್ಣತೆ, ಶೇ 65ರ ಆರ್ದ್ರತೆ ನಿಗದಿಯಾಗಿದೆ. ಏಪ್ರಿಲ್‌ನ ಹೊಸಪೇಟೆಯೇ ಬೇರೆ, ಆಗಸ್ಟ್‌ನ ಹೊಸಪೇಟೆಯೇ ಬೇರೆ. ಇವುಗಳ ಜೊತೆಗೆ ತಳಿ, ಪಟ್ಟೆಯ ಪದರ, ನಾರು ತೆಗೆದ ವಿಧಾನಗಳೂ ಸೇರುತ್ತವೆ.

ಇದು ಬಡವರ ನಾರಿನ ಸಮಸ್ಯೆ ಮಾತ್ರ ಎಂದು ಭಾವಿಸಬೇಕಿಲ್ಲ. ಗುಂಡು ನಿರೋಧಕ ಕವಚಗಳಿಂದ ಹೆಸರಾದ ಕೆವ್ಲಾರ್ ನಾರಿನ 49 ಎಂಬ ಮಾದರಿಗೆ ತಯಾರಕರಾದ ಡುಪಾಂಟ್ ಕಂಪನಿಯ ಕೈಪಿಡಿಯೇ ಎರಡು ಅಂಕಿಗಳನ್ನು ಕೊಡುತ್ತದೆ. ನೂಲನ್ನು ಹಾಗೆಯೇ ಎಳೆದಾಗ ಸುಮಾರು 3,000 ಮೆಗಾಪ್ಯಾಸ್ಕಲ್, ರಾಳದಲ್ಲಿ ಅದ್ದಿ ಗಟ್ಟಿಗೊಳಿಸಿ ಎಳೆದಾಗ 3,600. ಎರಡೂ ಸತ್ಯವೇ. ವಿಧಾನ ಹೇಳದೆ ಅಂಕಿ ಮಾತ್ರ ಹೇಳಿದರೆ ಎರಡೂ ಅರ್ಧಸತ್ಯ.

ಆದ್ದರಿಂದಲೇ ಕಾರ್ಬನ್ ನಾರಿಗೆ ಒಂಟಿ ಎಳೆಯ ಪರೀಕ್ಷೆಗೆ ಐಎಸ್‌ಒ 11566, ರಾಳದಲ್ಲಿ ಅದ್ದಿದ ನೂಲಿಗೆ ಐಎಸ್‌ಒ 10618 ಎಂಬ ಪ್ರತ್ಯೇಕ ಮಾನಕಗಳು ಬಂದವು. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನದ ಚೌಕಟ್ಟಿನ ತೂಕದಲ್ಲಿ ಶೇ 45ರಷ್ಟು ಸಂಯೋಜಿತ ವಸ್ತುಗಳೇ. ಎಲ್ಲರೂ ಒಪ್ಪಿದ ಪರೀಕ್ಷೆಯಿಲ್ಲದೆ ಅಂತಹ ವಿಮಾನ ಹಾರುವುದಿಲ್ಲ. ಆದರೆ ಬಾಳೆಯಂತಹ ನಾರುಗಳ ಸಂಶೋಧಕರಲ್ಲಿ ಕೆಲವರು ಜವಳಿ ನಾರಿನ ಮಾನಕವನ್ನು, ಕೆಲವರು ಪಿಂಗಾಣಿ ನಾರಿನ ಮಾನಕವನ್ನು ಅನುಸರಿಸುತ್ತಾರೆ. 1998ರಲ್ಲಿಯೇ ಹಿಂತೆಗೆದುಕೊಂಡ ಎಎಸ್‌ಟಿಎಂ ಡಿ3379 ಮಾನಕವನ್ನು ಆ ನಂತರವೂ ಉಲ್ಲೇಖಿಸಿದವರಿದ್ದಾರೆ.

ಉಕ್ಕು, ಕಸೂತಿ ಹೇಳುವ ಪಾಠ

ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಬೃಹತ್ ಕಾರ್ಖಾನೆಯಿದೆ. ಕಟ್ಟಡಕ್ಕೆ ಬಳಸುವ ಕಂಬಿಯ ಮೇಲೆ 'ಎಫ್ಇ 500' ಎಂದಿದ್ದರೆ ದೇಶದ ಯಾವ ಊರಿನ ಎಂಜಿನಿಯರಿಗೂ ಅದರ ಅರ್ಥ ಗೊತ್ತು. ಭಾರತೀಯ ಮಾನಕ ಬ್ಯೂರೋದ ಐಎಸ್ 1786 ಅದನ್ನು ನಿಗದಿಪಡಿಸಿದೆ. ಜೂಟ್ ನಾರಿಗೂ ಐಎಸ್ 271 ಎಂಬ ಶ್ರೇಣೀಕರಣವಿದ್ದು, ಬಣ್ಣ, ನಯ, ದೋಷಗಳ ಜೊತೆ ಬಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬಾಳೆ ನಾರಿನ ವ್ಯಾಪಾರ ಮಾತ್ರ ಇಂದಿಗೂ ಬಹುಮಟ್ಟಿಗೆ ಕೈಯಲ್ಲಿ ಹಿಡಿದು ನೋಡುವ ಅಂದಾಜಿನ ಮೇಲೆಯೇ ನಡೆಯುತ್ತದೆ. ಅಂದಾಜಿನ ವ್ಯಾಪಾರದಲ್ಲಿ ಬೆಲೆ ನಿರ್ಧರಿಸುವವನು ಕೊಳ್ಳುವವನೇ ಹೊರತು ಬೆಳೆಯುವವನಲ್ಲ.

ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಬಾಳೆ ನಾರಿಗೂ ಅಂತಹುದೇ ಮಾನ್ಯತೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ವಸ್ತು ಎಲ್ಲಿಂದ ಬಂತೆಂಬುದನ್ನು ಆ ಗುರುತು ಹೇಳುತ್ತದೆ, ಎಷ್ಟು ಭಾರ ತಾಳುತ್ತದೆ ಎಂಬುದನ್ನಲ್ಲ. ಕಸೂತಿಗೆ ಮೊದಲನೆಯದು ಮುಖ್ಯ, ಕಾರಿನ ಬಿಡಿಭಾಗಕ್ಕೆ ಎರಡನೆಯದು.

ಮಾನಕ ಬಂದರೆ ಸಣ್ಣ ಘಟಕಗಳಿಗೆ ಪರೀಕ್ಷೆಯ ಖರ್ಚು ಹೊರೆಯಾಗುತ್ತದೆ ಎಂಬ ಆತಂಕ ಸಹಜವಾದುದು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಾಣುವ 40 ಟನ್ ಸಾಮರ್ಥ್ಯದ ಪರೀಕ್ಷಾ ಯಂತ್ರ ಈ ಕೆಲಸಕ್ಕೆ ಬಾರದು. ಕೂದಲಿಗಿಂತ ಸ್ವಲ್ಪ ದಪ್ಪನೆಯ ಬಾಳೆ ನಾರಿನ ಎಳೆ ಒಂದು ಕಿಲೋ ಒಳಗಿನ ಭಾರಕ್ಕೇ ತುಂಡಾಗುತ್ತದೆ. ಅದಿರಿನ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಬಂಗಾರ ತೂಗಲಾದೀತೇ? ಬೇಕಿರುವುದು ಚಿಕ್ಕ ಯಂತ್ರ ಮತ್ತು ಎಲ್ಲರೂ ಒಪ್ಪಿದ ಕ್ರಮ.

ಹತ್ತಿಯ ಲೋಕ ಇದಕ್ಕೊಂದು ದಾರಿ ತೋರಿಸಿದೆ. ಬಲ ಮೊದಲೇ ತಿಳಿದಿರುವ ಮಾದರಿ ಹತ್ತಿಯನ್ನು ಪ್ರಯೋಗಾಲಯಗಳು ತಮ್ಮ ಯಂತ್ರದಲ್ಲಿ ಮೊದಲು ಪರೀಕ್ಷಿಸಿ, ಅಳತೆಯನ್ನು ಸರಿಹೊಂದಿಸಿಕೊಳ್ಳುತ್ತವೆ. ಹಾಗೆಯೇ ಬಾಳೆ ನಾರಿಗೂ ತಳಿ, ಪದರ, ಎಳೆಯ ಉದ್ದ, ತೇವ, ದಪ್ಪ ಅಳೆಯುವ ರೀತಿ, ಎಳೆಗಳ ಸಂಖ್ಯೆ ಇವಿಷ್ಟನ್ನು ನಿಗದಿಪಡಿಸಿ, ಒಂದೇ ಕಂತೆಯ ನಾರನ್ನು ಹಲವು ಪ್ರಯೋಗಾಲಯಗಳಿಗೆ ಕಳುಹಿಸಿ ಫಲಿತಾಂಶ ಹೋಲಿಸಬೇಕು. ಸರಾಸರಿಯ ಜೊತೆಗೆ ಅತಿ ದುರ್ಬಲ ಎಳೆಗಳ ಲೆಕ್ಕವನ್ನೂ ಕಡ್ಡಾಯವಾಗಿ ನಮೂದಿಸಬೇಕು. ಈ ಖರ್ಚನ್ನು ದಿಂಡು ಹೊರುವ ರೈತನ, ನಾರು ತೆಗೆಯುವ ಮಹಿಳೆಯ ತಲೆಗೆ ಕಟ್ಟದೆ ಸರ್ಕಾರವೇ ಭರಿಸುವುದು ನ್ಯಾಯ.

ಸರಾಸರಿಯನ್ನಷ್ಟೇ ನಂಬುವುದು ಎಷ್ಟು ದುಬಾರಿಯೆಂಬುದನ್ನು ತುಂಗಭದ್ರೆಯ ದಡದ ಜನರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಂದು ಜಲಾಶಯದ 33 ಗೇಟ್‌ಗಳಲ್ಲಿ 32 ಗಟ್ಟಿಯಾಗಿಯೇ ನಿಂತಿದ್ದವು.